ಉಜ್ಜಿ ತೆಗೆಯಬೇಕಾದದ್ದು ಏನನ್ನು?

ಮದುವೆ ನಿಶ್ಚಯವಾದೊಡನೆ ನಮ್ಮ ಮನೆಗಳಲ್ಲಿ ಸೀರೆ, ಒಡವೆ, ಸಭಾಂಗಣ, ಅಡುಗೆಯವರ ಮಾತು ಶುರುವಾಗುತ್ತದೆ. ಈಚೆಗೆ ಆ ಪಟ್ಟಿಗೆ ಇನ್ನೊಂದು ಸೇರಿದೆ: ವಧುವಿನ ಚರ್ಮ. ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ತಾಯಿಯೇ ಮಗಳನ್ನು ಪಾರ್ಲರಿಗೆ ಕರೆದೊಯ್ದು ಮೈಕ್ರೋಡರ್ಮಾಬ್ರೇಷನ್ ಮಾಡಿಸಿದರು. "ಸ್ವಲ್ಪ ಬಣ್ಣ ತಿಳಿಯಾದರೆ ಸಾಕು" ಎಂಬುದಷ್ಟೇ ಅವರ ಆಸೆ. ಮೂರನೆಯ ಸಲ ಮಾಡಿಸಿಕೊಂಡ ಹುಡುಗಿ ಮರುದಿನವೇ ಸುಡುಬಿಸಿಲಲ್ಲಿ ಸ್ಕೂಟರ್ ಏರಿ ಆಮಂತ್ರಣ ಪತ್ರ ಹಂಚಲು ಹೊರಟಳು. ಕೆಲವು ದಿನಗಳಲ್ಲಿ ಕೆನ್ನೆಯ ಮೇಲೆ ಕಪ್ಪು ಕಲೆ ಮೂಡಿತು. ಮದುವೆಯೇನೋ ನಡೆಯಿತು. ಆದರೆ ಅಂದು ಅವಳು ಬಂದವರಿಗೆಲ್ಲ ಒಂದೇ ಕೆನ್ನೆ ತೋರಿಸುತ್ತಾ ಕುಳಿತದ್ದನ್ನು ನಾವು ಮರೆತಿಲ್ಲ.

ಈ ಚಿಕಿತ್ಸೆ ಏನೆಂಬುದನ್ನು ಮೊದಲು ತಿಳಿಯೋಣ. 1980ರ ದಶಕದಲ್ಲಿ ಇಟಲಿಯಲ್ಲಿ ಇದು ರೂಪುಗೊಂಡಿತು. ಯಂತ್ರವೊಂದು ಅಲ್ಯೂಮಿನಿಯಂ ಆಕ್ಸೈಡಿನ ನುಣ್ಣನೆಯ ಹರಳುಗಳನ್ನು ಮುಖದ ಮೇಲೆ ಚಿಮ್ಮಿಸಿ, ಉದುರಿದ ಸತ್ತ ಜೀವಕೋಶಗಳೊಡನೆ ಅವನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ವಜ್ರದ ಪುಡಿ ಕೂರಿಸಿದ ತುದಿಯಿಂದ ಉಜ್ಜುವ ಯಂತ್ರಗಳೂ ಇವೆ. ಕತ್ತಿಯಿಲ್ಲ, ಹೊಲಿಗೆಯಿಲ್ಲ, ಅರಿವಳಿಕೆಯಿಲ್ಲ. ಮಂಕಾದ ಚರ್ಮ ನಯವಾಗುತ್ತದೆ, ಮೇಲುಮೇಲಿನ ಕಲೆಗಳು ತುಸು ಮಾಸುತ್ತವೆ. ಆದರೆ ಆಳವಾದ ಸುಕ್ಕಾಗಲಿ, ಮೊಡವೆ ಉಳಿಸಿದ ಆಳವಾದ ಗುಳಿಯಾಗಲಿ ಇದರಿಂದ ಹೋಗುವುದಿಲ್ಲ. ಫಲ ತಾತ್ಕಾಲಿಕವಾದ್ದರಿಂದ ಮತ್ತೆ ಮತ್ತೆ ಮಾಡಿಸಬೇಕು. ಉಜ್ಜಿದ ಚರ್ಮವನ್ನು ಬಿಸಿಲಿನಿಂದ ಜೋಪಾನ ಮಾಡಬೇಕು. ನಮ್ಮಂಥ ಕಂದುಬಣ್ಣದವರ ಚರ್ಮ ಕೆರಳಿದರೆ ಕಪ್ಪು ಕಲೆ ಉಳಿಯುವ ಭಯ ಹೆಚ್ಚು. ಚರ್ಮವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬಾರದೆನ್ನುವುದು ಅದಕ್ಕೇ.

ನಿಜ ಹೇಳಬೇಕೆಂದರೆ ಇದರ ಮೂಲ ವಿಚಾರ ನಮಗೆ ಹೊಸದಲ್ಲ. ನಮ್ಮ ಅಜ್ಜಿಯಂದಿರು ಬಚ್ಚಲಲ್ಲಿ ಕಡಲೆಹಿಟ್ಟು ಹಚ್ಚಿ, ಒಣಗಿದ ಹೀರೇಕಾಯಿಯ ನಾರಿನಿಂದ ಮೈ ತಿಕ್ಕುತ್ತಿದ್ದರು. ಅವರು ತೆಗೆಯುತ್ತಿದ್ದುದೂ ಮೇಲಿನ ಸತ್ತ ಪದರವನ್ನೇ. ಆ ಸ್ನಾನ ಮುಗಿಸಿ ಹೊರಬಂದ ಮಗು ಹಗುರಾಗಿರುತ್ತಿತ್ತು; ತನ್ನ ಬಗ್ಗೆ ನಾಚಿಕೊಳ್ಳುತ್ತಿರಲಿಲ್ಲ. ಇಂದು ಅದೇ ಕೆಲಸವನ್ನು ಯಂತ್ರ ಮಾಡುವಾಗ ನಾಚಿಕೆ ಎಲ್ಲಿಂದ ಬಂತು?

ಇಲ್ಲಿ ಎರಡು ಸುಲಭ ಉತ್ತರಗಳಿವೆ. ಎರಡೂ ನಮಗೆ ಒಪ್ಪಿಗೆಯಾಗುವುದಿಲ್ಲ. ಮೊದಲನೆಯದು, "ನಿಜವಾದ ಸೌಂದರ್ಯ ಮನಸ್ಸಿನಲ್ಲಿದೆ, ಇದೆಲ್ಲ ವ್ಯರ್ಥ" ಎಂಬುದು. ಮೊಡವೆಯ ಕಲೆಗಾಗಿ ಕಾಲೇಜಿನಲ್ಲಿ ಹಿಂದಿನ ಬೆಂಚು ಹುಡುಕುವ ಹುಡುಗನಿಗೆ ಈ ಮಾತು ಹೇಳುವುದು ಸುಲಭ, ಕೇಳುವುದು ಕಷ್ಟ. ಹಲ್ಲುನೋವಿಗೆ ಮದ್ದು ಕೊಡುವ ನಾವು ಮುಖದ ನೋವನ್ನು ಜಂಭವೆಂದು ತಳ್ಳಿಹಾಕಬಾರದು. ಎರಡನೆಯದು, "ಅವರವರ ಮುಖ, ಅವರವರ ದುಡ್ಡು, ಅವರವರ ಇಷ್ಟ" ಎಂಬುದು. ಆದರೆ ನಾವು ಹೇಳಿದ ಆ ಹುಡುಗಿಯ ಇಷ್ಟ ಯಾರದಾಗಿತ್ತು? ತಾಯಿಯದೇ? ಬೀಗರದೇ? 'ಬೆಳ್ಳಗಿನ ವಧು ಬೇಕು' ಎಂದು ಜಾಹೀರಾತು ಕೊಡುವವರದೇ? ಬೇರೆಯವರ ಭಯದಲ್ಲಿ ಮಾಡಿದ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಕರೆಯುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಇನ್ನೊಂದು ಸಂಗತಿ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿರುವುದು ಹೊರಚರ್ಮದ ತಳದಲ್ಲಿ. ಯಂತ್ರ ಉಜ್ಜುವುದು ಮೇಲಿನ ಪದರವನ್ನು ಮಾತ್ರ. ಅಂದರೆ ತಾಯಿ ಯಾವುದಕ್ಕಾಗಿ ದುಡ್ಡು ಕೊಟ್ಟರೋ ಅದನ್ನು ಈ ಯಂತ್ರ ಮಾಡುವುದೇ ಇಲ್ಲ. ಕಪ್ಪಗಿರಲಿ ಬೆಳ್ಳಗಿರಲಿ, ಎಲ್ಲ ಮನುಷ್ಯರಲ್ಲೂ ಆ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಭೇದವಿರುವುದು ಅವು ತಯಾರಿಸುವ ಮೆಲನಿನ್‌ನ ಪ್ರಮಾಣ ಮತ್ತು ಬಗೆಯಲ್ಲಿ. ಆ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣದಿಂದ ನಮ್ಮನ್ನು ಕಾಯುವ ಕೊಡೆ. ನಾವು ಶಾಪವೆಂದು ಭಾವಿಸುವುದು ವಾಸ್ತವದಲ್ಲಿ ರಕ್ಷಣೆ. ಬಣ್ಣಗಳ ವೈವಿಧ್ಯವೂ ಸೃಷ್ಟಿಕರ್ತನ ನಿದರ್ಶನವೆಂದು ನಂಬುವ ನಾವೇ ಹೆಣ್ಣು ನೋಡಲು ಹೋದಾಗ ಆ ನಂಬಿಕೆಯನ್ನು ಚಪ್ಪಲಿಯೊಂದಿಗೆ ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ!

2014ರಲ್ಲಿ ಭಾರತದ ಜಾಹೀರಾತು ಮಾನದಂಡ ಮಂಡಳಿಯು, ಕಪ್ಪುಬಣ್ಣದವರನ್ನು ಕೀಳೆಂಬಂತೆ, ದುಃಖಿಗಳೆಂಬಂತೆ ಜಾಹೀರಾತುಗಳಲ್ಲಿ ತೋರಿಸಬಾರದೆಂದು ಸೂಚಿಸಿತು. 1975ರಿಂದ ಮನೆಮಾತಾಗಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಒಳ್ಳೆಯದೇ. ಆದರೆ ಹೆರಿಗೆ ಕೋಣೆಯ ಹೊರಗೆ ನಿಂತು "ಮಗು ಯಾವ ಬಣ್ಣ?" ಎಂದು ಕೇಳುವ ನಾಲಗೆ ಬದಲಾಗಿದೆಯೇ? 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆ ನಮ್ಮ ಬಾಯಲ್ಲಿದೆ. ಮದುವೆ ಮಾತುಕತೆಯ ಹೊತ್ತಿಗೆ ಮಾತ್ರ ಅದು ನೆನಪಾಗುವುದಿಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಚಿಕಿತ್ಸೆಗೆ ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕೆಂದು ನಮಗನಿಸುತ್ತದೆ: ನನ್ನನ್ನು ನೋಡುವವರು ಯಾರೂ ಇಲ್ಲದಿದ್ದರೂ ಈ ಕಲೆ ನನಗೆ ನೋವು ಕೊಡುತ್ತಿತ್ತೇ? ಹೌದೆಂದಾದರೆ ತಜ್ಞರ ಬಳಿಗೆ ಹೋಗಲು ಸಂಕೋಚ ಬೇಡ. ಅಲ್ಲವೆಂದಾದರೆ ಚಿಕಿತ್ಸೆ ಬೇಕಾಗಿರುವುದು ನೋಡುವವರ ಕಣ್ಣಿಗೆ.

ಯಂತ್ರ ಇಂದು ತೆಗೆದ ಪದರವನ್ನು ದೇಹ ಬೇಗನೆ ಮತ್ತೆ ಕಟ್ಟಿಕೊಳ್ಳುತ್ತದೆ. ತಲೆಮಾರುಗಳಿಂದ ನಮ್ಮ ನೋಟದ ಮೇಲೆ ಕೂತಿರುವ ಪದರ ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ. ಅದನ್ನು ಉಜ್ಜುವ ಕೆಲಸವನ್ನು ಯಾವ ಪಾರ್ಲರೂ ವಹಿಸಿಕೊಳ್ಳುವುದಿಲ್ಲ. ಅದು ನಮ್ಮ ನಮ್ಮ ಮನೆಗಳಲ್ಲೇ ಆಗಬೇಕು. ಮುಂದಿನ ಸಲ ಹೆಣ್ಣು ನೋಡಲು ಹೊರಡುವಾಗ ಅಲ್ಲಿಂದಲೇ ಆರಂಭಿಸಬಾರದೇಕೆ?