ಹೊದಿಕೆಯಡಿಯ ಹೆರಾಲ್ಡು

ಆಯುಧಪೂಜೆಯ ಬೆಳಗ್ಗೆ ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಒಂದು ಕಾರಿನ ಹೊದಿಕೆ ತೆಗೆಯುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅದು ಹೊಂಗೆ ಮರದ ಕೆಳಗೆ ಟಾರ್ಪಾಲು ಹೊದ್ದು ಮಲಗಿರುತ್ತದೆ. ಮೇಲೆ ತರಗೆಲೆ, ಉದುರಿದ ಹೂವು, ಪಾರಿವಾಳದ ಹಿಕ್ಕೆ. ಆ ದಿನ ಮಾತ್ರ ಅದನ್ನು ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕುತ್ತಾರೆ. ಆಮೇಲೆ ಮನೆಯ ಯಜಮಾನರು ಎರಡೂ ಪಕ್ಕದ ಚಿಲಕ ಬಿಡಿಸಿ ಬಾನೆಟ್ಟನ್ನು ಎತ್ತುತ್ತಾರೆ. ಏಳುವುದು ಬರೀ ಬಾನೆಟ್ಟಲ್ಲ. ಎರಡು ಕಡೆಯ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಕಾರಿನ ಇಡೀ ಮುಖ ಒಂದೇ ತುಂಡಾಗಿ ಮುಂದಕ್ಕೆ ವಾಲಿಕೊಳ್ಳುತ್ತದೆ. ಎಂಜಿನ್ನು, ಮುಂದಿನ ಚಕ್ರಗಳು, ಸ್ಪ್ರಿಂಗು, ಸ್ಟೀರಿಂಗಿನ ಸಲಾಕೆಗಳು ಎಲ್ಲವೂ ಬಯಲಿಗೆ ಬರುತ್ತವೆ. ಆ ಮನೆಯ ಅಮ್ಮ ಚಕ್ರದ ಪಕ್ಕದಲ್ಲೇ ನಿಂತು ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ.

ಅದು ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ 1971ರವರೆಗೆ ಮದರಾಸಿನ ಹೊರವಲಯದಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ತಯಾರಿಸುತ್ತಿದ್ದ ಕಾರು. ಅಂಬಾಸಡರು, ಫಿಯೆಟ್ಟು ಬಿಟ್ಟರೆ ಆ ಕಾಲದ ಮಧ್ಯಮ ವರ್ಗಕ್ಕೆ ಇದ್ದ ಮೂರನೆಯ ಆಯ್ಕೆ ಅದೊಂದೇ. ರಾಜಾಜಿನಗರದ ನಮ್ಮ ಹಳೆಯ ಮನೆಯ ಎದುರಿನ ಡಾಕ್ಟರ ಹತ್ತಿರವೂ ಒಂದಿತ್ತು. ನಮ್ಮ ಬೀದಿಗಳೆಲ್ಲ 30 ಅಡಿಯವು. ಬೇರೆ ಕಾರುಗಳು ಹಿಂದೆ ಮುಂದೆ ಮಾಡಿ, ಎರಡು ಮೂರು ಸಲ ಹೊರಳಿ ತಿರುಗಬೇಕಾದ ಕಡೆ ಡಾಕ್ಟರು ಒಂದೇ ಏಟಿಗೆ ತಿರುಗಿಸಿಕೊಂಡು ಹೋಗುತ್ತಿದ್ದರು. ಹೆರಾಲ್ಡಿಗೆ ಪೂರ್ತಿ ಸುತ್ತು ತಿರುಗಲು 25 ಅಡಿ ಸಾಕು ಎಂಬ ಲೆಕ್ಕ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಹುಡುಗರಿಗೆ ಅದು ಡಾಕ್ಟರ ಕೈಚಳಕವೆಂದೇ ಕಾಣುತ್ತಿತ್ತು.

ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಹುಚ್ಚು ನನಗೆ ಹಿಡಿದದ್ದು ಚಿತ್ರಗಳಿಂದ. ಪಟಗಳನ್ನು ನೋಡಿ ನೋಡಿ ಗುರುತು ಹಿಡಿಯುವುದನ್ನು ಕಲಿತೆ. ಎತ್ತರದ ಕಡ್ಡಿಚಕ್ರ ಇದ್ದರೆ ಎಂಜಿ ಟಿಸಿ, ಚಕ್ರ ಸಣ್ಣದಾಗಿ ಮೈ ತುಸು ತುಂಬಿಕೊಂಡಿದ್ದರೆ ಟಿಡಿ, ದೀಪಗಳು ಮಡ್‌ಗಾರ್ಡಿನೊಳಗೆ ಸೇರಿಕೊಂಡಿದ್ದರೆ ಟಿಎಫ್. ಕಪ್ಪೆಗಣ್ಣಿನದು ಆಸ್ಟಿನ್ ಹೀಲಿ ಸ್ಪ್ರೈಟ್. ಒಂದು ದಿನ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಕಾರಿನ ಚಿತ್ರ ಕೈಗೆ ಬಂತು. ಮೇಲುಚಾವಣಿ ಇಲ್ಲ, ನೆಲಕ್ಕೆ ಅಂಟಿದಂತಿದೆ. ಬಾನೆಟ್ಟು ತೆರೆದಿದೆ. ಇಡೀ ಮುಖ ಮುಂದಕ್ಕೆ ವಾಲಿದೆ. ಮದುವೆ ಮನೆಯಲ್ಲಿ ಅಪರಿಚಿತ ಹುಡುಗನ ಮೂಗು ನೋಡಿ ಅಜ್ಜಿಯರು, “ನೀನು ಯಾರ ಪೈಕಿಯಪ್ಪಾ?” ಎಂದು ಕೇಳುತ್ತಾರಲ್ಲ, ಹಾಗೆ ಆ ಚಿತ್ರದ ಮುಂದೆ ನಿಂತುಬಿಟ್ಟೆ. ಇದು ನಮ್ಮ ಡಾಕ್ಟರ ಕಾರಿನ ಮುಖ. ಇದನ್ನು ನಾನು ಬಲ್ಲೆ.

ಬಲ್ಲೆ ಎಂದುಕೊಂಡದ್ದು ಸುಳ್ಳಾಗಲಿಲ್ಲ. ಸ್ಪಿಟ್‌ಫೈರ್ ಹೆರಾಲ್ಡಿನ ಒಡಹುಟ್ಟು. ಎರಡರ ರೂಪವನ್ನೂ ಬಿಡಿಸಿದವರು ಇಟಲಿಯ ಟ್ಯೂರಿನ್ ನಗರದ ಜಿಯೊವಾನಿ ಮಿಕೆಲೊಟ್ಟಿ. ಹೆರಾಲ್ಡಿನ ಚಾಸಿಸ್ಸನ್ನೇ ಗಿಡ್ಡ ಮಾಡಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇದ್ದ ಅಂತರವನ್ನು ಎಂಟೂವರೆ ಅಂಗುಲ ತಗ್ಗಿಸಿ, ಅದರ ಮೇಲೆ ಸ್ಪೋರ್ಟ್ಸ್ ಕಾರಿನ ಮೈ ಕೂರಿಸಿದರು. ಹೆರಾಲ್ಡಿನ 948 ಸಿಸಿ ಎಂಜಿನ್ನೇ ದೊಡ್ಡದಾಗಿ 1147 ಸಿಸಿ ಆಯಿತು.

ಇದು ಸಾಧ್ಯವಾದದ್ದರ ಹಿಂದೆ ಒಂದು ತೊಂದರೆಯ ಕಥೆಯಿದೆ. 1950ರ ದಶಕದ ಹೊತ್ತಿಗೆ ಯುರೋಪಿನ ಕಾರುಗಳು ಚಾಸಿಸ್ಸನ್ನು ಕೈಬಿಟ್ಟು, ತಗಡಿನ ಮೈಯನ್ನೇ ಅಸ್ಥಿಯಾಗಿ ಮಾಡಿಕೊಳ್ಳತೊಡಗಿದ್ದವು. ಇಂಗ್ಲೆಂಡಿನಲ್ಲಿ ಹೆರಾಲ್ಡನ್ನು ರೂಪಿಸಿದ ಸ್ಟ್ಯಾಂಡರ್ಡ್–ಟ್ರಯಂಫ್ ಕಂಪನಿಗೂ ಅದೇ ಆಸೆ. ಆದರೆ ಅವರಿಗೆ ಬಾಡಿ ಒತ್ತಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೊ ಕಾರ್ಖಾನೆಯನ್ನು 1953ರಲ್ಲಿ ಪ್ರತಿಸ್ಪರ್ಧಿ ಬಿಎಂಸಿ ಕೊಂಡುಕೊಂಡಿತು. ಇಡೀ ಮೈಯನ್ನು ಒಂದೇ ಕಡೆ ಒತ್ತಿಸುವ ದಾರಿ ಮುಚ್ಚಿತು. ಹಾಗಾಗಿ ಹಳೆಯ ಕಾಲದಂತೆ ಬೇರೆ ಚಾಸಿಸ್ ಮಾಡಿ, ತುಂಡು ತುಂಡಾಗಿ ಬೇರೆ ಬೇರೆ ಕಡೆ ಒತ್ತಿಸಿದ ಭಾಗಗಳನ್ನು ಬೋಲ್ಟು ಹಾಕಿ ಕೂಡಿಸಿದರು. ಕೈ ಕಟ್ಟಿಹಾಕಿದ ಆ ಕೊರತೆಯಿಂದಲೇ ಒಂದು ಕಡೆ ಸ್ಪಿಟ್‌ಫೈರ್ ಹುಟ್ಟಿತು. ಇನ್ನೊಂದು ಕಡೆ, ಬಿಡಿ ತುಂಡುಗಳ ಕಾರಾದ್ದರಿಂದ ಅದು ಮದರಾಸಿನಲ್ಲಿ ಜೋಡಿಸಿ ಕಟ್ಟುವುದಕ್ಕೂ ಒದಗಿಬಂತು. ನಾಲ್ಕು ಬಾಗಿಲಿನ ಹೆರಾಲ್ಡನ್ನು ಇಂಗ್ಲೆಂಡಿನವರು ಮಾಡಲೇ ಇಲ್ಲ. ಅದನ್ನು ಮಾಡಿದವರು ನಮ್ಮವರು, ಮಾರ್ಕ್ 3ರಲ್ಲಿ.

ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸ್ಪಿಟ್‌ಫೈರಿನ ಮೊದಲ ಮಾದರಿ ಸಿದ್ಧವಾದಾಗ ಕಂಪನಿಯಲ್ಲಿ ಹಣವಿರಲಿಲ್ಲ. ಅದನ್ನು ಕಾರ್ಖಾನೆಯ ಮೂಲೆಯೊಂದಕ್ಕೆ ತಳ್ಳಿ ಬಟ್ಟೆ ಮುಚ್ಚಿಟ್ಟರು. 1961ರಲ್ಲಿ ಲೇಲ್ಯಾಂಡ್ ಕಂಪನಿ ಟ್ರಯಂಫನ್ನು ಕೊಂಡಿತು. ಹೊಸ ಯಜಮಾನರು ಕಾರ್ಖಾನೆ ಸುತ್ತುತ್ತಾ ಬಂದು, ಮೂಲೆಯ ಬಟ್ಟೆ ಎತ್ತಿ ನೋಡಿದರು, ಮೆಚ್ಚಿದರು, ಮಾಡಿ ಎಂದರು. 1962ರ ಅಕ್ಟೋಬರಿನಲ್ಲಿ ಅದು ಲಂಡನ್ನಿನ ಪ್ರದರ್ಶನದಲ್ಲಿ ಜನರ ಮುಂದೆ ಬಂತು. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಿದ್ದವು. ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ಹಾದುಹೋಗುವಾಗಲೆಲ್ಲ ನನಗೆ ಆ ಬಟ್ಟೆ ಎತ್ತಿದ ಕೈಯ ನೆನಪಾಗುತ್ತದೆ.

1965ರಲ್ಲಿ ಫ್ರಾನ್ಸಿನ ಲ ಮಾಂ ಪಟ್ಟಣದ 24 ಗಂಟೆಗಳ ರೇಸಿಗೆ ಸ್ಪಿಟ್‌ಫೈರ್‌ಗಳು ಇಳಿದವು. ಹಗಲು ರಾತ್ರಿ ಓಡಿ, ಫೆರಾರಿಗಳ ನಡುವೆ, ಎರಡು ಕಾರುಗಳು 13 ಮತ್ತು 14ನೆಯ ಸ್ಥಾನದಲ್ಲಿ ಮುಗಿಸಿ, ತಮ್ಮ ವರ್ಗದಲ್ಲಿ ಮೊದಲ ಎರಡು ಸ್ಥಾನ ಪಡೆದವು. ಅದೇ ಹೊತ್ತಿನಲ್ಲಿ ಅವುಗಳ ಸೋದರ ರಾಜಾಜಿನಗರದಲ್ಲಿ ಡಾಕ್ಟರ ಚರ್ಮದ ಚೀಲ ಹೊತ್ತು ರಾಮಮಂದಿರದ ಮುಂದೆ ಹಾಯುತ್ತಿದ್ದನಲ್ಲ! ಈ ಎರಡು ಚಿತ್ರಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಳ್ಳಲು ನೋಡುತ್ತೇನೆ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ನನ್ನ ಬೆರಗು ಪೂರ್ತಿ ಬಲಿತದ್ದು ಮಾತ್ರ ಪುಸ್ತಕದಿಂದಲ್ಲ, ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ. ಬೀದಿಯ ಹೆರಾಲ್ಡಿನ ಮುಂಚಕ್ರ ಅಲ್ಲಾಡುತ್ತಿತ್ತು. ಚಕ್ರವನ್ನು ಹೊರುವ ಉಕ್ಕಿನ ಕಂಬದ ಕೆಳತುದಿಯಲ್ಲಿ ಥ್ರೆಡ್ ಇರುತ್ತದೆ. ಅದು ಹಿತ್ತಾಳೆಬಣ್ಣದ ಒಂದು ಗಟ್ಟಿಯೊಳಗೆ ಕೂರುತ್ತದೆ. ಟ್ರನಿಯನ್ ಎಂದು ಅದರ ಹೆಸರು. ಸ್ಟೀರಿಂಗು ತಿರುಗಿಸಿದಂತೆಲ್ಲ ಕಂಬ ಆ ಥ್ರೆಡ್ಡಿನೊಳಗೆ ತಿರುಗುತ್ತದೆ. ಸವೆದುಹೋದ ಗಟ್ಟಿಗೆ ಬದಲಿ ಸಿಗಲಿಲ್ಲ. ಯಜಮಾನರ ಜೊತೆ ನಾನೂ ಹೋದೆ. ಹತ್ತಡಿ ಅಗಲದ ಅಂಗಡಿ, ನೆಲದ ತುಂಬ ಸುರುಳಿ ಸುರುಳಿ ಲೋಹದ ಸಿಪ್ಪೆ, ಗೋಡೆಯಲ್ಲಿ ಶನೇಶ್ವರನ ಪಟ. ಮೇಸ್ತ್ರಿ ತುಂಡನ್ನು ಬೆಳಕಿಗೆ ಹಿಡಿದು, ಬೆರಳಿನ ಉಗುರನ್ನು ಥ್ರೆಡ್ಡಿನ ಮೇಲೆ ಒಂದು ಸಲ ಓಡಿಸಿದರು.

“ಇದು ಉಲ್ಟಾ ಥ್ರೆಡ್ಡು ಸಾರ್. ಆ ಕಡೇದು ನೆಟ್ಟಗಿರತ್ತೆ, ನೋಡಿ ಬೇಕಾದ್ರೆ.”

ಆ ಕಡೆಯದನ್ನು ನಾವು ತಂದಿರಲೇ ಇಲ್ಲ. ಅವರು ಹೆರಾಲ್ಡನ್ನು ಹಿಂದೆ ಬಿಚ್ಚಿದವರೂ ಅಲ್ಲ. ಹೇಳಿದ್ದು ಮಾತ್ರ ನಿಜ. ಎಡಗಾಲಿಗೊಂದು ಬಲಗಾಲಿಗೊಂದು ಚಪ್ಪಲಿ ಇದ್ದಂತೆ, ಎಡಚಕ್ರಕ್ಕೆ ಎಡ ಥ್ರೆಡ್ಡು, ಬಲಚಕ್ರಕ್ಕೆ ಬಲ ಥ್ರೆಡ್ಡು. ಹೊಸ ಗಟ್ಟಿ ಕಡೆಸಿಕೊಂಡು, ಹಣ ಕೊಟ್ಟು ನಾವು ಹೊರಡುವಾಗ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು: “ಗ್ರೀಸ್ ಹೊಡೀಬೇಡಿ. ಗಟ್ಟಿ ಗೇರ್ ಆಯಿಲ್ ಹಾಕಿ. ಥ್ರೆಡ್ಡಿನ ಬುಡಕ್ಕೆ ಇಳೀಬೇಕು.” ಟ್ರಯಂಫಿನವರ ಕೈಪಿಡಿಯಲ್ಲೂ ಇದೇ ಇದೆ. ಎಣ್ಣೆ ಕಾಣದೆ ಒಣಗಿದ ಕಂಬ ಮುರಿದು ಚಕ್ರ ಮಗುಚಿಕೊಂಡ ಕಾರುಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ.

ಟ್ರಯಂಫ್ ಬಳಗದ ಇದೇ ಬಗೆಯ ಕಂಬ ಮತ್ತು ಟ್ರನಿಯನ್ ಜೋಡಿಯನ್ನು ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ತಮ್ಮ 1962ರ ಎಲಾನ್ ಕಾರಿನ ಮುಂಚಕ್ರಗಳಿಗೆ ಬಳಸಿಕೊಂಡರು. ತಿರುವುಗಳಲ್ಲಿ ಎಲಾನ್ ಓಡುವಷ್ಟು ಚೆಂದವಾಗಿ ಓಡುವ ಕಾರಿಲ್ಲ ಎಂದು ಬಲ್ಲವರು ಈಗಲೂ ಹೇಳುತ್ತಾರೆ. ಆ ಕಾರಿನ ಭಾರ ಹೊತ್ತ ಕೀಲಿನ ಅಣ್ಣತಮ್ಮನನ್ನು ನಾನು ಕಾಮಾಕ್ಷಿಪಾಳ್ಯದಿಂದ ಬಸವೇಶ್ವರನಗರಕ್ಕೆ, ಹಳೆಯ ಪೇಪರಿನಲ್ಲಿ ಸುತ್ತಿ, ಅಂಗೈಯಲ್ಲಿ ಹಿಡಿದು ತಂದೆ. ಲೇತಿನ ಬಿಸಿ ಅದರಲ್ಲಿ ಇನ್ನೂ ಆರಿರಲಿಲ್ಲ.

ಹೀಗೆ ಒಂದು ಎಳೆ ಹಿಡಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಹೆರಾಲ್ಡಿಗಿಂತ ಮೊದಲು ಅದೇ ಮದರಾಸಿನ ಕಂಪನಿ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಎಂಬ ದಪ್ಪಬೆನ್ನಿನ ಕಾರು ಕಟ್ಟುತ್ತಿತ್ತು. ಅದರ 2088 ಸಿಸಿ ಎಂಜಿನ್ನಿನ ಸಿಲಿಂಡರುಗಳು ಹೊರತೆಗೆದು ಬದಲಿಸಬಹುದಾದ ಕೊಳವೆಗಳು. 85 ಮಿಲಿಮೀಟರಿನ ಕೊಳವೆ ತೆಗೆದು 83ರದನ್ನು ಇಟ್ಟರೆ 1991 ಸಿಸಿ. ಅದೇ 1953ರ ಟ್ರಯಂಫ್ ಟಿಆರ್ 2 ಸ್ಪೋರ್ಟ್ಸ್ ಕಾರಿನ ಎಂಜಿನ್. ವ್ಯಾನ್‌ಗಾರ್ಡಿನ ಅದೇ ಎಂಜಿನ್ ಬಳಗ ಫರ್ಗ್ಯುಸನ್ ಟ್ರ್ಯಾಕ್ಟರಿಗೂ ಹೋಯಿತು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಆ ಟ್ರ್ಯಾಕ್ಟರುಗಳ ಮೇಲೆ. ಹೊಲ ಉಳುವ, ರೇಸಿನಲ್ಲಿ ಓಡುವ, ಹಿಮ ದಾಟುವ ಎದೆಬಡಿತ ಒಂದೇ ಆಗಿದ್ದ ಕಾಲ ಅದು. ಇದನ್ನು ತಿಳಿದ ಮೇಲೆ ನನಗೆ ಯಾವ ಹಳೆಯ ಕಾರೂ ಬರಿಯ ಹಳೆಯ ಕಾರಾಗಿ ಕಾಣುವುದಿಲ್ಲ.

ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯ ಸಿಗುತ್ತದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳ ಕಾಲ ಕೂಡಿಸಿದ ವಾಹನಗಳಿಗಾಗಿ 2023ರಲ್ಲಿ ತೆರೆದದ್ದು. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗ. ಆದರೆ ಸಂಗ್ರಹಾಲಯದ ಹೊಳಪಿಗೂ ಬೀದಿಯ ಹೊಂಗೆ ನೆರಳಿಗೂ ವ್ಯತ್ಯಾಸವಿದೆ. ಅಲ್ಲಿ ಫಲಕ ಓದಿ ತಿಳಿಯುತ್ತೇವೆ; ಇಲ್ಲಿ ಗುರುತು ನಾವೇ ಹಿಡಿಯಬೇಕು.

ವಿಜಯನಗರ, ರಾಜಾಜಿನಗರ, ಮಾಗಡಿ ರಸ್ತೆಯ ಹಿಂದಿನ ಓಣಿಗಳಲ್ಲಿ ಟಾರ್ಪಾಲಿನಡಿ ಮಲಗಿದ ಕಾರುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ ಮೊದಲು ಹೋಗುವುದು ಅವೇ, ಕಿಲೋ ಲೆಕ್ಕದಲ್ಲಿ ಗುಜರಿಗೆ. 2021ರ ಕೇಂದ್ರದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥದೊಂದು ಇದ್ದರೆ, ಗುಜರಿಯವರನ್ನು ಕರೆಯುವ ಮುಂಚೆ ಒಮ್ಮೆ ಹೊದಿಕೆ ಎತ್ತಿ ನೋಡಿ. ಎರಡು ಪಕ್ಕದಲ್ಲಿ ಚಿಲಕವಿದ್ದು, ಇಡೀ ಮುಖ ಮುಂದಕ್ಕೆ ವಾಲಿದರೆ, ಅದು ಹೆರಾಲ್ಡ್. ಕೊನೆಯ ಹೆರಾಲ್ಡ್ ಮದರಾಸಿನಿಂದ ಹೊರಬಂದದ್ದು 1971ರಲ್ಲಿ. ಅದಕ್ಕೂ 50 ದಾಟಿದೆ.