ಒಂದು ಬೆಳಗ್ಗೆ ಕಂಡದ್ದು ಇಡೀ ಮನುಷ್ಯನಲ್ಲ

ನಾಲಿಗೆಗೆ ಬೇರೆ ಕೆಲಸವಿಲ್ಲದಾಗ ಅದು ಇತರರ ಬಗ್ಗೆ ತೀರ್ಪು ನೀಡಲು ಹೊರಡುತ್ತದೆ. ಹೊಲದಲ್ಲಿ ದುಡಿಯುವವನು ನೆರೆಯವನ ಬೆಳೆಯ ಬಗ್ಗೆ ಮಾತಾಡುವುದು ಕಡಿಮೆ. ಕಟ್ಟೆಯ ಮೇಲೆ ಕುಳಿತವನು ಮಾತ್ರ ಊರಿನ ಎಲ್ಲ ಬೆಳೆಗಳನ್ನೂ ಅಳೆಯುತ್ತಾನೆ. ಇದನ್ನು ನಾವು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. "ಬರೀ ಮಾತು ತಾನೇ, ಇದರಿಂದ ಯಾರಿಗೇನು ನಷ್ಟ?" ಎಂದು ಕೇಳಿ ಮುಂದೆ ಸಾಗುತ್ತೇವೆ. ಆದರೆ ಈ ಪ್ರಶ್ನೆಗೆ ನಿಜವಾಗಿಯೂ ಉತ್ತರವೇನು? ಇದನ್ನು ಪರಿಶೀಲಿಸಲು ದೂರದ ಅಮೆರಿಕದ ಒಂದು ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಟ ದೂರದ್ದಾದರೂ ಅಲ್ಲಿ ಕಾಣುವ ಮನುಷ್ಯ ಸ್ವಭಾವ ನಮಗೆ ಅಪರಿಚಿತವೇನಲ್ಲ.

ಅಮೆರಿಕನ್ನರು ಫುಟ್ಬಾಲ್ ಎಂದು ಕರೆಯುವ ಆಟ ನಾವು ತಿಳಿದಿರುವ ಫುಟ್ಬಾಲ್ ಅಲ್ಲ. ಅದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಕಠಿಣ ಆಟ. ಅಲ್ಲಿನ ರಾಷ್ಟ್ರೀಯ ಲೀಗ್‌ನಲ್ಲಿ 32 ತಂಡಗಳಿವೆ. ಸ್ಪರ್ಧೆಗಳು ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತವೆ. ಅದಕ್ಕೆ ಮುನ್ನ, ಜುಲೈ ತಿಂಗಳ ಕೊನೆಯಿಂದ ತಂಡಗಳು ತರಬೇತಿ ಶಿಬಿರ ನಡೆಸುತ್ತವೆ. ಶಿಬಿರಕ್ಕೆ ಬರುವವರು ತಂಡವೊಂದಕ್ಕೆ ಸುಮಾರು 90 ಮಂದಿ. ಋತು ಆರಂಭವಾಗುವ ಮುನ್ನ ಪಟ್ಟಿಯಲ್ಲಿ ಉಳಿಯಬೇಕಾದವರು 53 ಮಂದಿ ಮಾತ್ರ. ಅಂದರೆ ಪ್ರತಿಯೊಂದು ತಂಡವೂ 37 ಮಂದಿಯನ್ನು ಬಿಡಬೇಕು. 32 ತಂಡಗಳನ್ನು ಸೇರಿಸಿದರೆ ಅದು ಸಾವಿರದ ಗಡಿಯನ್ನು ದಾಟುತ್ತದೆ. ಅವರಲ್ಲಿ ಕೆಲವರಿಗೆ ಅಭ್ಯಾಸದ ಬಳಗದಲ್ಲಿ ಸ್ಥಾನ ಸಿಗುತ್ತದೆ. ಉಳಿದವರು ಚೀಲ ಕಟ್ಟಿಕೊಂಡು ಮನೆಗೆ ಹಿಂದಿರುಗುತ್ತಾರೆ. ಹೊರಗಿನವರಿಗೆ ಇದು ಕುತೂಹಲದ ವಿಷಯ. ಆ ಯುವಕರಿಗೆ ಮಾತ್ರ ಇದು ಅನ್ನದ ಪ್ರಶ್ನೆ, ಬಾಲ್ಯದಿಂದ ಕಂಡ ಕನಸಿನ ಪ್ರಶ್ನೆ.

ಈ ದಿನಗಳಲ್ಲಿ ಲೀಗ್‌ನ ಲೆಕ್ಕಕ್ಕೆ ಬರುವ ಪಂದ್ಯಗಳಿರುವುದಿಲ್ಲ. ಆದರೆ ಸುದ್ದಿಯ ಹಸಿವಿಗೆ ಬಿಡುವಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಯನ್ನೂ ಕ್ರೀಡೆಗೇ ಮೀಸಲಿಡುವ ದೂರದರ್ಶನ ವಾಹಿನಿಗಳು ಅಲ್ಲಿವೆ. ಅವುಗಳಲ್ಲಿ ಪ್ರಸಿದ್ಧವಾದ ಇಎಸ್‌ಪಿಎನ್ 1979ರಲ್ಲೇ ಆರಂಭವಾಯಿತು. 1987ರಲ್ಲಿ ನ್ಯೂಯಾರ್ಕಿನಲ್ಲಿ ಕೇವಲ ಕ್ರೀಡೆಯ ಮಾತಿಗಾಗಿಯೇ ಒಂದು ರೇಡಿಯೊ ನಿಲಯ ಹುಟ್ಟಿಕೊಂಡಿತು. ಇಷ್ಟು ಗಂಟೆಗಳನ್ನು ತುಂಬಿಸಲು ಏನಾದರೂ ಬೇಕಲ್ಲವೇ? ಆದ್ದರಿಂದ ವರದಿಗಾರರು ಅಭ್ಯಾಸದ ಅಂಗಣದ ಅಂಚಿನಲ್ಲಿ ನಿಂತು ಎಣಿಸುತ್ತಾರೆ. ಇವನು ಹನ್ನೆರಡು ಬಾರಿ ಎಸೆದ, ಏಳು ಗುರಿ ಸೇರಿತು. ಅವನ ಕೈಯಿಂದ ಎರಡು ಚೆಂಡು ಜಾರಿತು. ಮತ್ತೊಬ್ಬ ಓಡುವಾಗ ಏದುಸಿರು ಬಿಟ್ಟ. ಸಂಜೆಯಾಗುವಷ್ಟರಲ್ಲಿ ಈ ಎಣಿಕೆ ಅಭಿಮಾನಿಗಳ ಬಾಯಿಗೆ ಬರುತ್ತದೆ. ಅಲ್ಲಿಗೆ ಅದು ಎಣಿಕೆಯಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ. "ಇವನು ಮುಗಿದ" ಎಂದು ಒಬ್ಬ. "ಇವನೇ ನಮ್ಮ ಮುಂದಿನ ವೀರ" ಎಂದು ಇನ್ನೊಬ್ಬ. ವಾದ ಬೆಳೆಯುತ್ತದೆ, ಮನಸ್ಸು ಕಹಿಯಾಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇವರು ನಿಜವಾಗಿ ಕಂಡದ್ದೇನು?

ಶಿಬಿರದ ಮೊದಲ ದಿನಗಳಲ್ಲಿ ಆಟಗಾರರು ಪೂರ್ಣ ರಕ್ಷಾಕವಚ ಧರಿಸುವುದಿಲ್ಲ; ದೇಹಕ್ಕೆ ದೇಹ ಡಿಕ್ಕಿ ಹೊಡೆಯುವುದಕ್ಕೂ ಮಿತಿಯಿರುತ್ತದೆ. ಡಿಕ್ಕಿಯೇ ಪ್ರಾಣವಾಗಿರುವ ಆಟದಲ್ಲಿ ಡಿಕ್ಕಿಯಿಲ್ಲದ ದಿನದಂದು ಯಾರ ಬಲವನ್ನು ಅಳೆಯುವುದು? ಚೆಂಡು ಎಸೆಯುವ ಮುಖ್ಯ ಆಟಗಾರನಿಗೆ, ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ, ಬೇರೆ ಬಣ್ಣದ ಅಂಗಿ ತೊಡಿಸುತ್ತಾರೆ. ಅವನನ್ನು ಯಾರೂ ಕೆಡವಬಾರದೆಂಬುದು ಅದರ ಅರ್ಥ. ಪಂದ್ಯದಲ್ಲಾದರೋ ನಾಲ್ಕಾರು ದೈತ್ಯರು ಅವನ ಮೇಲೆ ಎರಗುತ್ತಿರುತ್ತಾರೆ. ಆ ಭಯದ ನಡುವೆ ಅವನ ಕೈ ನಡುಗುತ್ತದೆಯೋ ಇಲ್ಲವೋ ಎಂಬುದನ್ನು ಶಿಬಿರ ಹೇಳಲಾರದು. ಅಷ್ಟೇ ಅಲ್ಲ, ಅಭ್ಯಾಸದಲ್ಲಿ ಅವನು ಎಸೆದ ಚೆಂಡು ಎದುರಾಳಿಯ ಕೈಸೇರಿತು ಎಂದಿಟ್ಟುಕೊಳ್ಳಿ. ಅದು ಅವನ ತಪ್ಪೇ? ಹಿಡಿಯಬೇಕಾದವನು ದಾರಿ ತಪ್ಪಿ ಓಡಿರಬಹುದು. "ಕಷ್ಟದ ಎಸೆತವನ್ನು ಇಂದು ಪ್ರಯತ್ನಿಸಿ ನೋಡು, ತಪ್ಪಿದರೂ ಚಿಂತೆಯಿಲ್ಲ" ಎಂದು ತರಬೇತುದಾರರೇ ಹೇಳಿರಬಹುದು. ಅಂಚಿನಲ್ಲಿ ನಿಂತವನಿಗೆ ಇದು ಕೇಳಿಸಿರುವುದಿಲ್ಲ. ಯಾವ ತಂತ್ರ ಆಡಿದರು ಎಂಬುದನ್ನು ಬರೆಯಬಾರದೆಂದು ಅನೇಕ ತಂಡಗಳು ಪತ್ರಕರ್ತರಿಗೆ ನಿಯಮ ವಿಧಿಸುವುದೂ ಉಂಟು. ಹೀಗೆ ವರದಿಗಾರ ಕಂಡದ್ದು ಅರ್ಧ, ಬರೆದದ್ದು ಅದರಲ್ಲೂ ಅರ್ಧ. ಓದಿದವನು ಮಾತ್ರ ತೀರ್ಪು ಪೂರ್ಣವಾಗಿಯೇ ನೀಡುತ್ತಾನೆ!

ಅಭ್ಯಾಸ ಎಂಬ ಪದದ ಅರ್ಥವಾದರೂ ಏನು? ತಪ್ಪು ಮಾಡಲು ಅನುಮತಿ ಇರುವ ಸ್ಥಳ ಎಂದಲ್ಲವೇ? ಮಗು ನಡೆಯಲು ಕಲಿಯುವಾಗ ಎಷ್ಟು ಬಾರಿ ಬಿತ್ತು ಎಂದು ತಾಯಿ ಪಟ್ಟಿ ಬರೆದಿಡುವುದಿಲ್ಲ. ಕಲಿಯುವವನ ಪ್ರತಿಯೊಂದು ಎಡವನ್ನೂ ಜಗತ್ತಿಗೆ ಸಾರಿದರೆ ಅವನು ಎರಡರಲ್ಲಿ ಒಂದನ್ನು ಮಾಡುತ್ತಾನೆ. ತಪ್ಪಾಗಬಹುದಾದ ಯಾವುದನ್ನೂ ಪ್ರಯತ್ನಿಸದೆ ಕಲಿಕೆಯನ್ನೇ ನಿಲ್ಲಿಸುತ್ತಾನೆ. ಇಲ್ಲವೇ, ತನ್ನ ದೌರ್ಬಲ್ಯವನ್ನು ಮರೆಮಾಚಲು ಶಕ್ತಿಮೀರಿ ಹೆಣಗುತ್ತಾನೆ. ಈ ಎರಡನೆಯದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಅದೇ ಆಟದ ಇತಿಹಾಸದ ಒಂದು ದುಃಖದ ಪುಟ ತಿಳಿಸುತ್ತದೆ.

ಕೋರಿ ಸ್ಟ್ರಿಂಗರ್ ಮಿನ್ನೆಸೋಟ ವೈಕಿಂಗ್ಸ್ ತಂಡದ ಆಟಗಾರರು. ಸುಮಾರು 150 ಕಿಲೋ ತೂಕದ, ದೃಢಕಾಯದ ವ್ಯಕ್ತಿ. ಅವರ ತೂಕದ ಬಗ್ಗೆ ಹಿಂದಿನ ವರ್ಷಗಳಲ್ಲೂ ಮಾತುಗಳಿದ್ದವು. 2000ದ ಋತುವಿನಲ್ಲಿ ಅವರು ಚೆನ್ನಾಗಿ ಆಡಿ ಲೀಗ್‌ನ ಶ್ರೇಷ್ಠರ ಸಾಲಿಗೆ ಆಯ್ಕೆಯಾಗಿದ್ದರು. 2001ರ ಜುಲೈ 30ರಂದು ಮ್ಯಾಂಕೆಟೊ ಎಂಬ ಊರಿನಲ್ಲಿ ತಂಡದ ಶಿಬಿರ ಆರಂಭವಾಯಿತು. ಕಡು ಬೇಸಿಗೆ, ಗಾಳಿಯಲ್ಲಿ ಉಸಿರುಗಟ್ಟಿಸುವ ತೇವ. ಮೊದಲ ದಿನದ ಅಭ್ಯಾಸವನ್ನು ಸ್ಟ್ರಿಂಗರ್‌ಗೆ ಪೂರ್ಣಗೊಳಿಸಲಾಗಲಿಲ್ಲ. ಮರುದಿನದ ಪತ್ರಿಕೆಯಲ್ಲಿ, ಬಾಗಿ ನಿಂತು ಏದುಸಿರು ಬಿಡುತ್ತಿರುವ ಅವರ ಚಿತ್ರ ಅಚ್ಚಾಗಿತ್ತು. ಆ ಚಿತ್ರ ಅವರ ಮನಸ್ಸನ್ನು ನೋಯಿಸಿತ್ತು, ಅಂದಿನ ಅಭ್ಯಾಸವನ್ನು ಹೇಗಾದರೂ ಮುಗಿಸಲೇಬೇಕೆಂದು ಅವರು ಹಟ ತೊಟ್ಟಿದ್ದರು ಎಂದು ಆಗಿನ ವರದಿಗಳು ಹೇಳಿದವು. ಜುಲೈ 31ರಂದು ಅವರು ವಾಂತಿ ಮಾಡಿಕೊಂಡರೂ ಅಂಗಣ ಬಿಡಲಿಲ್ಲ. ಅಭ್ಯಾಸ ಮುಗಿಸಿದರು. ಆ ಬಳಿಕ ಕುಸಿದರು. ಆಸ್ಪತ್ರೆಗೆ ತಲುಪಿದಾಗ ದೇಹದ ತಾಪ 42 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಆಗಸ್ಟ್ 1ರ ನಸುಕಿನಲ್ಲಿ, ಹೆಂಡತಿ ಮತ್ತು ಪುಟ್ಟ ಮಗನನ್ನು ಅಗಲಿ, 27ರ ಹರೆಯದ ಆ ಯುವಕ ಇಹಲೋಕ ತ್ಯಜಿಸಿದರು.

ಒಂದು ಚಿತ್ರ ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಈ ಲೇಖನ ಖಂಡಿಸುವ ದೋಷವನ್ನೇ ನಾನೂ ಮಾಡಿದಂತಾಗುತ್ತದೆ. ಅವರನ್ನು ಕೊಂದದ್ದು ಬಿಸಿಲಿನ ಆಘಾತ. ಚಿತ್ರ ತೆಗೆದವನಿಗೂ, ಅದನ್ನು ನೋಡಿ ನಕ್ಕವನಿದ್ದರೆ ಅವನಿಗೂ ಕೆಟ್ಟ ಉದ್ದೇಶವಿರಲಿಲ್ಲವೆಂದೇ ಭಾವಿಸೋಣ. ಆದರೆ "ಬರೀ ಮಾತು ತಾನೇ" ಎನ್ನುವವರು ಈ ಘಟನೆಯನ್ನು ಒಮ್ಮೆ ನೆನೆಯಬೇಕು. ನಮ್ಮ ಮಾತು ಯಾರ ಕಿವಿಗೆ ಬೀಳುತ್ತದೆ, ಬಿದ್ದ ಮೇಲೆ ಅವನೊಳಗೆ ಏನನ್ನು ಎಬ್ಬಿಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಬಿಟ್ಟ ಬಾಣದ ದಿಕ್ಕನ್ನಾದರೂ ಬಿಟ್ಟವನು ಬಲ್ಲ; ಆಡಿದ ಮಾತಿನ ದಿಕ್ಕನ್ನು ಆಡಿದವನೂ ಅರಿಯ.

ಹಾಗಾದರೆ ಯಾರೂ ಯಾರ ಬಗ್ಗೆಯೂ ತೀರ್ಪು ನೀಡಬಾರದೇ? ಹಾಗಲ್ಲ. ತರಬೇತುದಾರನಿಗೆ ತೀರ್ಪು ನೀಡದೆ ಗತ್ಯಂತರವಿಲ್ಲ. 53 ಮಂದಿಯನ್ನು ಅವನು ಆರಿಸಲೇಬೇಕು. ಆದರೆ ಅವನ ತೀರ್ಪು ಎಷ್ಟು ಸಂಕುಚಿತವಾದದ್ದು ನೋಡಿ: "ಇಂದು, ಈ ತಂಡದಲ್ಲಿ, ಈ ಸ್ಥಾನಕ್ಕೆ ನೀನು ಬೇಡ." ಅಷ್ಟೇ. 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಶಿಬಿರದಿಂದ ಕರ್ಟ್ ವಾರ್ನರ್ ಎಂಬ ಯುವಕನನ್ನು ಹೀಗೆಯೇ ಕಳುಹಿಸಿದರು. ಅವರು ತಮ್ಮ ಅಯೋವ ರಾಜ್ಯಕ್ಕೆ ಮರಳಿ ದಿನಸಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ತುಂಬಿದರು. ಸಣ್ಣ ಲೀಗ್‌ಗಳಲ್ಲಿ ಆಡಿದರು. 1999ರಲ್ಲಿ ಸೇಂಟ್ ಲೂಯಿಸ್ ರಾಮ್ಸ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಋತುವಿಗೆ ಮುನ್ನವೇ ಗಾಯಗೊಂಡಾಗ ಆ ಸ್ಥಾನ ವಾರ್ನರ್‌ಗೆ ಬಂತು. ಆ ವರ್ಷ ಅವರು ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರರೆನಿಸಿದರು. 2000ದ ಜನವರಿಯಲ್ಲಿ ತಂಡ ಸೂಪರ್ ಬೌಲ್ ಗೆದ್ದಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗ್ರೀನ್ ಬೇಯವರನ್ನು ಕುರುಡರೆಂದು ಹಾಸ್ಯ ಮಾಡುತ್ತಾರೆ. ಅದೂ ನ್ಯಾಯವಲ್ಲ. 1994ರ ವಾರ್ನರ್ ನಿಜವಾಗಿಯೂ ಸಿದ್ಧರಾಗಿರಲಿಲ್ಲದಿರಬಹುದು. ಆ ದಿನದ ಮಟ್ಟಿಗೆ ಆ ತೀರ್ಪು ಸರಿಯೇ ಇದ್ದಿರಬಹುದು. ಅದನ್ನು ಇಡೀ ಜೀವನಕ್ಕೆ ಎಳೆದಿದ್ದರೆ ಮಾತ್ರ ಅದು ಸುಳ್ಳಾಗುತ್ತಿತ್ತು. ಹೊಣೆ ಹೊತ್ತವನು ಒಂದು ದಿನಕ್ಕೆ ತೀರ್ಪು ನೀಡುತ್ತಾನೆ. ಹೊಣೆಯಿಲ್ಲದವನು ಇಡೀ ಬದುಕಿಗೆ ನೀಡುತ್ತಾನೆ. "ಇಂದು ಚೆಂಡು ಜಾರಿತು" ಎಂಬುದು ಸಾಕ್ಷ್ಯ. "ಅವನ ಕೈಯಲ್ಲಿ ಏನೂ ಆಗದು" ಎಂಬುದು ಊಹೆ. ಊಹೆಗೆ ಸಾಕ್ಷ್ಯದ ಉಡುಪು ತೊಡಿಸುವುದೇ ನಮ್ಮ ನಾಲಿಗೆಯ ಅತಿ ದೊಡ್ಡ ವಂಚನೆ. ಅತಿಯಾದ ಹೊಗಳಿಕೆಗೂ ಈ ಮಾತು ಅನ್ವಯಿಸುತ್ತದೆ. ಆಗಸ್ಟ್‌ನಲ್ಲಿ ಒಬ್ಬನನ್ನು ಹೆಗಲ ಮೇಲೆ ಹೊತ್ತು ಕುಣಿದವರೇ ಸೆಪ್ಟೆಂಬರ್‌ನಲ್ಲಿ ಅವನನ್ನು ನೆಲಕ್ಕೆ ಎಸೆಯುತ್ತಾರೆ.

"ಅವರು ಅಪಾರ ಹಣ ಪಡೆಯುತ್ತಾರೆ, ಟೀಕೆ ಸಹಿಸುವುದೂ ಅವರ ಕೆಲಸದ ಭಾಗ" ಎಂದು ಕೆಲವರು ವಾದಿಸುತ್ತಾರೆ. ಪಂದ್ಯದ ಆಟದ ಬಗ್ಗೆ ಈ ಮಾತು ಸ್ವಲ್ಪ ಮಟ್ಟಿಗೆ ಸರಿ. ಆದರೆ ಶಿಬಿರದಲ್ಲಿರುವ ಬಹುಮಂದಿ ಇನ್ನೂ ಆ ಹಣವನ್ನು ಕಂಡವರಲ್ಲ. ಮೇಲಾಗಿ, ಒಬ್ಬನಿಗೆ ಸಂಬಳ ಸಿಗುತ್ತದೆ ಎಂದ ಮಾತ್ರಕ್ಕೆ ಅವನ ಬಗ್ಗೆ ತಿಳಿಯದ್ದನ್ನು ತಿಳಿದಂತೆ ಹೇಳುವ ಹಕ್ಕು ನಮಗೆ ಹೇಗೆ ಬರುತ್ತದೆ? ಸತ್ಯ ಹೇಳುವ ಹೊಣೆ ಕೇಳುವವನ ಜೇಬನ್ನು ನೋಡಿ ಕಡಿಮೆಯಾಗುವುದಿಲ್ಲ.

ಸ್ಟ್ರಿಂಗರ್ ಅವರ ಮರಣದ ನಂತರ ಕೆಲವು ಒಳ್ಳೆಯ ಬದಲಾವಣೆಗಳಾದವು. ಬಿಸಿಲಿನಲ್ಲಿ ಆಟಗಾರರನ್ನು ಕಾಪಾಡುವ ಬಗ್ಗೆ ತಂಡಗಳು ಎಚ್ಚೆತ್ತವು. 2010ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದಲ್ಲಿ ಅವರ ಹೆಸರಿನಲ್ಲೇ ಒಂದು ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅದೇ 2010ರ ಆಗಸ್ಟ್‌ನಲ್ಲಿ ರಮಝಾನ್ ಬಂತು. ಸ್ಟ್ರಿಂಗರ್ ಆಡಿದ್ದ ಅದೇ ವೈಕಿಂಗ್ಸ್ ತಂಡದಲ್ಲಿ ಹುಸೈನ್ ಅಬ್ದುಲ್ಲಾ ಎಂಬ ಮುಸ್ಲಿಮ್ ಆಟಗಾರರಿದ್ದರು. ಋತುವಿನ ಪೂರ್ವಸಿದ್ಧತೆಯ ಆ ದಿನಗಳಲ್ಲೂ ಅವರು ಉಪವಾಸ ಬಿಡಲಿಲ್ಲ. ತಂಡದವರು ಅವರನ್ನು ಹೀಗಳೆಯುವ ಬದಲು ಅವರೊಂದಿಗೆ ಕುಳಿತು ಮಾತಾಡಿದರು; ಸೂರ್ಯಾಸ್ತದಿಂದ ನಸುಕಿನವರೆಗೆ ಯಾವಾಗ ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕೆಂಬ ಕ್ರಮ ರೂಪಿಸಿದರು. ಅಬ್ದುಲ್ಲಾ ಆ ಋತುವಿನಲ್ಲಿ ತಂಡದ ಆರಂಭಿಕ ಆಟಗಾರರಾದರು. ಆ ದಿನಗಳಲ್ಲಿ ಅಪರಿಚಿತನೊಬ್ಬ ಅಂಗಣದ ಅಂಚಿನಿಂದ ನೋಡಿದ್ದರೆ, ಮಧ್ಯಾಹ್ನದ ಹೊತ್ತಿಗೆ ಬಳಲಿದ ಒಬ್ಬ ಆಟಗಾರ ಮಾತ್ರ ಅವನಿಗೆ ಕಾಣುತ್ತಿದ್ದ. ಆ ಬಳಲಿಕೆಯ ಹಿಂದಿರುವ ಸಂಕಲ್ಪ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ಈಗ ನಮ್ಮ ಕಡೆಗೆ ತಿರುಗೋಣ. ಹೊಸ ಸೊಸೆಯ ಮೊದಲ ಅಡುಗೆ, ಹೊಸ ಶಿಕ್ಷಕನ ಮೊದಲ ಪಾಠ, ವೇದಿಕೆ ಏರಿದ ಹುಡುಗನ ಮೊದಲ ಭಾಷಣ: ಇವೆಲ್ಲ ಅಭ್ಯಾಸದ ಅಂಗಣಗಳೇ. ಅಲ್ಲಿಯೂ ಅಂಚಿನಲ್ಲಿ ನಿಂತು ಎಣಿಸುವವರಿದ್ದಾರೆ, ಸಂಜೆ ಮನೆಮನೆಗೆ ಸುದ್ದಿ ಮುಟ್ಟಿಸುವವರಿದ್ದಾರೆ. ಬಹುಶಃ ಅವರಲ್ಲಿ ನಾವೂ ಒಬ್ಬರು. ಮುಂದಿನ ಬಾರಿ ಬಾಯಿ ತೆರೆಯುವ ಮುನ್ನ ನಮ್ಮನ್ನು ನಾವೇ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ನಾನು ಕಂಡೆನೇ, ಅಥವಾ ಕೇಳಿದೆನೇ? ಅವನಿಗೆ ವಹಿಸಿದ ಕೆಲಸ ಏನೆಂದು ನಾನು ಬಲ್ಲೆನೇ? ನನ್ನ ಮಾತು ನಾಳೆ ಸುಳ್ಳಾದರೆ, ಇಂದು ಹೇಳಿದಷ್ಟೇ ಗಟ್ಟಿ ಧ್ವನಿಯಲ್ಲಿ ಅದನ್ನು ಹಿಂದೆಗೆದುಕೊಳ್ಳುವೆನೇ?

ಮೂರನೆಯ ಪ್ರಶ್ನೆಯೇ ಅತ್ಯಂತ ಕಠಿಣ. ಆಗಸ್ಟ್‌ನಲ್ಲಿ ಒಬ್ಬನನ್ನು ತುಚ್ಛೀಕರಿಸಿದ ಅಭಿಮಾನಿ ಜನವರಿಯಲ್ಲಿ ಅವನ ಗೆಲುವಿಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾನೆ. ಆದರೆ ಆಗಸ್ಟ್‌ನ ಸಾಲವನ್ನು ತೀರಿಸುವುದಿಲ್ಲ. ತನಗೆ ಸಾಲವಿದೆ ಎಂಬುದೇ ಅವನಿಗೆ ನೆನಪಿರುವುದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅಂತಹ ಎಷ್ಟು ಸಾಲಗಳು ಉಳಿದಿವೆ? ಅವುಗಳನ್ನು ಕೇಳಲು ಸಾಲಗಾರರು ನಮ್ಮ ಬಾಗಿಲಿಗೆ ಬರುವವರೆಗೆ ಕಾಯುವುದು ಬೇಡ. ಇಂದೇ ಹೋಗಿ ಒಬ್ಬರಿಗಾದರೂ ಹೇಳೋಣ: "ಅಂದು ನಿನ್ನ ಬಗ್ಗೆ ನಾನು ಹೇಳಿದ್ದು ತಪ್ಪಾಗಿತ್ತು."