ಊರ ಸೊತ್ತನ್ನು ಕಾಯುವವರು ಯಾರು?



ನೆರೆಯವನು ಬದುವನ್ನು ಒಂದು ಮೊಳ ಒತ್ತಿದರೆ ಹೊಲದೊಡೆಯನಿಗೆ ಆ ರಾತ್ರಿ ನಿದ್ರೆ ಹತ್ತುವದಿಲ್ಲ. ಆದರೆ ಗಾಯರಾಣದಲ್ಲಿ ಒಂದು ಎಕರೆ ಮಾಯವಾದರೂ, ಕೆರೆಯ ಒಡ್ಡು ಬಿರಿದು ನೀರು ಸೋರಿದರೂ ಊರೆಲ್ಲಾ ಸುಖವಾಗಿ ನಿದ್ರಿಸುತ್ತದೆ. ಇದಕ್ಕೆ ಕಾರಣವೇನು? ಹೊಲಕ್ಕೆ ಒಬ್ಬ ಒಡೆಯನುಂಟು. ಕೆರೆಗೂ ಗಾಯರಾಣಕ್ಕೂ ಊರಿಗೆ ಊರೇ ಒಡೆಯ. ಎಲ್ಲರದು ಎಂಬದು ಬಹು ಬೇಗನೆ ಯಾರದೂ ಅಲ್ಲವೆಂದಾಗಿ ಹೋಗುತ್ತದೆ. ಆದಕಾರಣ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು: ಯಾರೂ ಅಪ್ಪಣೆ ಮಾಡದಿರುವಾಗ, ಯಾರೂ ಕೂಲಿ ಕೊಡದಿರುವಾಗ, ನೀರು ಹುಲ್ಲು ಗಿಡಮರಗಳಿಗೋಸ್ಕರ ದುಡಿಯುವದು ನಮ್ಮ ಕರ್ತವ್ಯವೋ? ಇಲ್ಲವೆ ಪುರಸೊತ್ತು ಇದ್ದವರು ಮಾಡುವ ದಾನವೋ?

ದಾನವೆಂದೇ ಅನೇಕರು ತಿಳಿಯುತ್ತಾರೆ. ನಾವು ಹಾಗೆಣಿಸುವದಿಲ್ಲ. ನಮ್ಮ ಅಭಿಪ್ರಾಯವನ್ನು ಹೇಳುವ ಮುಂಚೆ ನಮ್ಮ ಸೀಮೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ವಾಚಕರ ಮುಂದೆ ಇಡುತ್ತೇವೆ.

ಹಾನಗಲ್ಲ ತಾಲೂಕಿನ ಕುಸನೂರೆಂಬ ಗ್ರಾಮವು ಈಗ ಹಾವೇರಿ ಜಿಲ್ಲೆಗೆ ಸೇರಿದ್ದರೂ 1997ರ ವರೆಗೆ ಧಾರವಾಡ ಜಿಲ್ಲೆಯದೇ ಆಗಿತ್ತು. 1984ನೇ ಇಸವಿ ನವೆಂಬರ್ 14ರಂದು ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಎಂಬ ಕಾರಖಾನೆಯ ಸಂಗಡ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪೆನಿಯನ್ನು ಹುಟ್ಟಿಸಿತು. ಅದರಲ್ಲಿ ನೂರಕ್ಕೆ 51 ಪಾಲು ಸರಕಾರದ್ದು, 49 ಪಾಲು ಕಾರಖಾನೆಯದು. ರೇಯಾನ್ ನಾರಿಗೆ ಬೇಕಾದ ಮರವನ್ನು ಬೆಳೆಸುವದು ಇದರ ಉದ್ದೇಶ. ಅದಕ್ಕಾಗಿ 30,000 ಹೆಕ್ಟೇರ್, ಅಂದರೆ ಸುಮಾರು 75,000 ಎಕರೆ ಭೂಮಿಯನ್ನು 40 ವರುಷಗಳ ವರೆಗೆ, ಎಕರೆಗೆ ವರುಷಕ್ಕೆ 1 ರೂಪಾಯಿ ಬಾಡಿಗೆಯಂತೆ ಕೊಡತಕ್ಕದ್ದೆಂದು ಗೊತ್ತುಮಾಡಲಾಯಿತು.

ಕಾಗದದ ಮೇಲೆ ಆ ಭೂಮಿಯು ಸರಕಾರದ್ದೇ ಸರಿ. ಆದರೆ ಸುತ್ತಲಿನ ಹಳ್ಳಿಗಳ ದನಗಳು ಅಲ್ಲಿಯೇ ಮೇಯುತ್ತಿದ್ದವು. ಬಡವರ ಒಲೆಗೆ ಉರುವಲು ಅಲ್ಲಿಂದಲೇ ಬರುತ್ತಿತ್ತು. ಅದೆಲ್ಲವೂ ಹೋಗಿ ಅದರ ಬದಲು ನೀಲಗಿರಿ ಗಿಡಗಳು ಸಾಲಾಗಿ ನಿಂತವು. ನೀಲಗಿರಿಯ ಎಲೆಯನ್ನು ದನವು ಮೂಸಿ ನೋಡಿ ಮುಂದೆ ಹೋಗುತ್ತದೆಂಬದು ನಮ್ಮ ಎಳೆಯ ಮಕ್ಕಳಿಗೂ ತಿಳಿದ ಮಾತು. ಹೊಲವುಳ್ಳವನು ತನ್ನ ಬದುವಿನಿಂದ ಹೇಗಾದರೂ ಮೇವು ತಂದಾನು. ಹೊಲವೇ ಇಲ್ಲದೆ ಎರಡು ಆಡು ಕಟ್ಟಿದ ವಿಧವೆಯು ಎಲ್ಲಿಗೆ ಹೋಗಬೇಕು?

ಧಾರವಾಡದ ಸಮಾಜ ಪರಿವರ್ತನ ಸಮುದಾಯವೆಂಬ ಸಂಘವು ಈ ಕಾರಖಾನೆಯನ್ನು ಮುಂಚೆಯೇ ಬಲ್ಲದು. ಕಾರಖಾನೆಯ ಹೊಲಸು ನೀರಿನಿಂದ ತುಂಗಭದ್ರೆಯ ಮೀನುಗಳು ಸಾಯುತ್ತವೆ, ದಂಡೆಯ ಹಳ್ಳಿಗರ ಆರೋಗ್ಯವು ಕೆಡುತ್ತದೆ ಎಂದು 1984ರ ಅಕ್ಟೋಬರ್ 2ರಂದು ಆ ಸಂಘದವರು ಕಾರಖಾನೆಯ ಮುಂದೆ ಜನರನ್ನು ಕೂಡಿಸಿದ್ದರು. ಗಾಯರಾಣದ ಸುದ್ದಿಯನ್ನು ಕೇಳಿದ ಮೇಲೆ ಕಾದಂಬರಿಕಾರರಾದ ಶಿವರಾಮ ಕಾರಂತರನ್ನೂ ಕೂಡಿಸಿಕೊಂಡು ಅವರು ದಿಲ್ಲಿಯ ಸುಪ್ರೀಮ್ ಕೋರ್ಟಿನ ಬಾಗಿಲನ್ನು ತಟ್ಟಿದರು. 1987ರ ಮಾರ್ಚ್ 24ರಂದು, ಇನ್ನು ಮುಂದೆ ಭೂಮಿಯನ್ನು ಕೊಡಕೂಡದೆಂದು ಕೋರ್ಟು ತಡೆಯಾಜ್ಞೆ ಮಾಡಿತು. ಅದೇ ವರುಷ ಮೇ ತಿಂಗಳಲ್ಲಿ ಕುಸನೂರಿನಲ್ಲಿ ಅಹಿಂಸೆಯ ಶಿಬಿರ ನಡೆಯಿತು. ನವೆಂಬರ್ 14ರಂದು, ಅಂದರೆ ಒಪ್ಪಂದವಾಗಿ ಸರಿಯಾಗಿ ಮೂರು ವರುಷ ತುಂಬಿದ ದಿವಸ, ಸುಮಾರು 2,000 ಮಂದಿ ಅಲ್ಲಿ ಕೂಡಿದರು. ಯಾರಿಗೂ ಕೇಡು ಮಾಡುವದಿಲ್ಲವೆಂದು ಶಾಲೆಯ ಅಂಗಳದಲ್ಲಿ ಆಣೆ ಮಾಡಿ, ವಾದ್ಯ ಬಾರಿಸುತ್ತಾ ಗುಡ್ಡಕ್ಕೆ ನಡೆದರು. ಸುಮಾರು 100 ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು ಮೇವು ಕೊಡುವ ಗಿಡಗಳನ್ನು ಹಚ್ಚಿದರು. ಚದರುವ ಮುಂಚೆ, ಈ ಗಿಡಗಳಿಗೆ ನೀರೆರೆದು ಸಾಕುತ್ತೇವೆಂದು ಮಾತು ಕೊಟ್ಟರು. ನಮ್ಮ ಸೀಮೆಯ ಆಡುಮಾತಿನಲ್ಲಿಯೇ ಇದಕ್ಕೆ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವೆಂದು ಹೆಸರಾಯಿತು. ಮುಂದೆಯೂ ನಾಲ್ಕು ವರುಷ ಅರ್ಜಿ, ಸಭೆ, ಸೆರೆಗಳು ನಡೆದ ಮೇಲೆ 1991ರಲ್ಲಿ ಆ ಕಂಪೆನಿಯು ಮುಚ್ಚಿಹೋಯಿತು.

ಇಲ್ಲಿ ಶಾಂತಸ್ವಭಾವದ ವಾಚಕರು ಕೇಳಬಹುದು: ಇನ್ನೊಬ್ಬರು ಹಚ್ಚಿದ ಸಸಿಯನ್ನು ಕೀಳುವದು ತಪ್ಪಲ್ಲವೋ? ಈ ಸಂದೇಹವು ಯೋಗ್ಯವಾದದ್ದೇ. ಆದರೆ ಕಳ್ಳನು ಕೀಳುವ ರೀತಿಯೂ ಕುಸನೂರಿನವರು ಕಿತ್ತ ರೀತಿಯೂ ಒಂದೇ ಅಲ್ಲ. ಕಳ್ಳನು ರಾತ್ರಿ ಬಂದು, ಕಿತ್ತದ್ದನ್ನು ಮನೆಗೆ ಒಯ್ಯುತ್ತಾನೆ. ಇವರು ಮೊದಲು ನ್ಯಾಯಸ್ಥಾನಕ್ಕೆ ಹೋದರು. ಹಾಡುಹಗಲಲ್ಲಿ, ಹೆಸರು ಹೇಳಿ, ದಂಡನೆಗೆ ಸಿದ್ಧರಾಗಿ ಬಂದರು. ಸಾವಿರಾರು ಗಿಡಗಳನ್ನು ಹಾಳುಮಾಡದೆ, ಗುರುತಿಗೋಸ್ಕರ ಕೆಲವನ್ನು ಮಾತ್ರ ಕಿತ್ತರು. ಕಿತ್ತ ಕುಣಿಯನ್ನು ಬರಿದಾಗಿ ಬಿಡಲಿಲ್ಲ. ಕಡೆಯ ಮಾತೇ ನಮಗೆ ಮುಖ್ಯವಾದದ್ದು. ಬೇಡವೆನ್ನುವವನು ಬೇಕಾದದ್ದನ್ನು ತನ್ನ ಕೈಯಿಂದ ಹಚ್ಚಿ ತೋರಿಸಬೇಕು. ಹಚ್ಚಲು ಮನಸ್ಸಿಲ್ಲದವನ ಕೈಗೆ ಕೀಳುವ ಅಧಿಕಾರವೂ ಇಲ್ಲ.

ಕೀಳುವದಕ್ಕೆ ಒಂದು ಗಳಿಗೆ ಸಾಕು, ಹಚ್ಚುವದಕ್ಕೆ ಒಂದು ದಿವಸ. ಆದರೆ ಗಿಡವು ತನ್ನ ಕಾಲ ಮೇಲೆ ನಿಲ್ಲಲು ಎರಡು ಮೂರು ಬೇಸಿಗೆ ಬೇಕು. ಪ್ರತಿ ವರುಷ ಜೂನ್ 5ರಂದು ಪರಿಸರ ದಿನವೆಂದು ಸಸಿ ನೆಟ್ಟು ಚಿತ್ರ ತೆಗೆಸಿಕೊಳ್ಳುವದುಂಟು. ಮರುವರುಷ ಅದೇ ಕುಣಿಯಲ್ಲಿ ಮತ್ತೊಂದು ಸಸಿಯನ್ನು ನೆಡುವದೂ ಉಂಟು. ಮೆರವಣಿಗೆಗೆ 2,000 ಮಂದಿ ಬೇಕು. ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ ಯಾರೂ ನೋಡದಿರುವಾಗ ಒಂದು ಕೊಡ ನೀರು ಹೊರಲು ಒಬ್ಬನು ಸಾಕು. ಆ ಒಬ್ಬನು ದೊರೆಯದಿದ್ದರೆ ಮೆರವಣಿಗೆಯೆಲ್ಲವೂ ವ್ಯರ್ಥ.

ಇನ್ನು ನಮ್ಮ ಹಳ್ಳಿಗಳಲ್ಲಿ ಹೇಳುವ ಆಕ್ಷೇಪಗಳನ್ನು ವಿಚಾರಿಸೋಣ.

ಮೊದಲನೆಯದು: ಇದು ಸರಕಾರದ ಕೆಲಸ, ನಮ್ಮದಲ್ಲ. ಸರಕಾರವು ಮಾಡತಕ್ಕ ಕೆಲಸ ಬಹಳ ಉಂಟು, ನಿಜ. ಆದರೆ ಗಾಯರಾಣವನ್ನು ಎಕರೆಗೆ 1 ರೂಪಾಯಿಯಂತೆ ಕೊಟ್ಟದ್ದೂ ಸರಕಾರವೇ. ಅದು ಯಾರಾದರೂ ಕೇಳುವ ವರೆಗೆ ತಾನಾಗಿ ತಿದ್ದಿಕೊಳ್ಳಲಿಲ್ಲ. 2011ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಪಂಜಾಬದ ಒಂದು ಹಳ್ಳಿಯ ಕೆರೆಯ ವ್ಯಾಜ್ಯದಲ್ಲಿ, ಊರ ಸಾಮಾನ್ಯ ಭೂಮಿಯನ್ನು ಒತ್ತಿಕೊಂಡವರನ್ನು ತೆಗೆಯಲು ಎಲ್ಲಾ ರಾಜ್ಯಗಳೂ ಏರ್ಪಾಡು ಮಾಡಬೇಕೆಂದು ತೀರ್ಪು ಕೊಟ್ಟಿತು. ಆ ತೀರ್ಪು ನಮ್ಮ ಊರಿಗೆ ತಾನಾಗಿ ನಡೆದು ಬರುವದೋ? ಗ್ರಾಮಸಭೆಯಲ್ಲಿ ಒಬ್ಬನು ಎದ್ದು ನಿಂತು ಕೇಳಿದರೆ ಬಂದೀತು.

ಎರಡನೆಯದು: ನಾವು ಬಡವರು, ದಿನಗೂಲಿಯವರು; ಇಂಥ ಕೆಲಸವು ಉಳ್ಳವರಿಗೆ ಸರಿ. ಒಂದು ದಿನದ ಕೂಲಿಯನ್ನು ಬಿಡುವದು ಎಷ್ಟು ಕಠಿಣವೆಂದು ಬಲ್ಲೆವು. ಆದರೆ ಊರ ಸೊತ್ತಿನಿಂದ ಹೆಚ್ಚಾಗಿ ಬದುಕುವವನು ಬಡವನೇ. ಅದು ಹೋದರೆ ಮೊದಲು ಸೋಲುವವನೂ ಅವನೇ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯಂತೆ, ಓದು ಬಲ್ಲವನು ಅರ್ಜಿಯನ್ನು ಬರೆಯಲಿ, ಬಂಡಿಯುಳ್ಳವನು ಒಂದು ಸಾರೆ ಮಣ್ಣು ಹೇರಲಿ, ಮುದುಕರು ಹಳೆಯ ಎಲ್ಲೆಗಳನ್ನು ತೋರಿಸಲಿ, ಹುಡುಗರು ಸಸಿಗಳಿಗೆ ನೀರೆರೆಯಲಿ. ಯಾರೊಬ್ಬರ ಮನೆಯ ಒಲೆಯೂ ಆರದ ಹಾಗೆ ಕೆಲಸವನ್ನು ಹಂಚಿಕೊಳ್ಳಬಹುದು.

ಮೂರನೆಯದು ಇವೆರಡಕ್ಕಿಂತ ಭಾರವಾದದ್ದು. ನಮ್ಮ ಸಭೆಗಳಲ್ಲಿ ಕೆಲವರು ಹೀಗೆ ಕೇಳುತ್ತಾರೆ: ಈ ಕೆರೆಗೆ ಇಳಿಯಲು ನಮ್ಮ ಅಜ್ಜಂದಿರಿಗೆ ಊರು ಬಿಡಲಿಲ್ಲ, ನಮ್ಮ ಅಜ್ಜಿಯರು ಬರಿಗೊಡ ಹಿಡಿದು ದೂರ ನಿಂತು, ಯಾರಾದರೂ ಎತ್ತಿ ಹೊಯ್ಯಲಿ ಎಂದು ಕಾದರು. ಊರ ಹಿರಿಯರು ಕರೆದಾಗಲೆಲ್ಲಾ ಬಿಟ್ಟಿ ಚಾಕರಿ ಮಾಡಿದರು. ಈಗ ಕೆರೆಯಲ್ಲಿ ಹೂಳು ತುಂಬಿದೆ, ಗುದ್ದಲಿ ತನ್ನಿರಿ ಅಂದರೆ ನಾವು ಯಾಕೆ ಹೋಗಬೇಕು?

ಈ ನೋವು ಸುಳ್ಳಲ್ಲ. ಅದನ್ನು ಮರೆಯಿರೆಂದು ನಾವು ಹೇಳುವದಿಲ್ಲ. ಧಾರವಾಡವು ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1927ರ ಮಾರ್ಚ್ 20ರಂದು, ಡಾಕ್ಟರ್ ಅಂಬೇಡ್ಕರರು ಅದೇ ಪ್ರಾಂತದ ಮಹಾಡದಲ್ಲಿ ಸಾವಿರಾರು ಜನರೊಡನೆ ಚವದಾರ ಕೆರೆಗೆ ನಡೆದುಹೋಗಿ ನೀರು ಕುಡಿದರು. ಒಂದು ಬೊಗಸೆ ನೀರಿನ ಹಕ್ಕಿಗಾಗಿ ಹತ್ತು ವರುಷ ವ್ಯಾಜ್ಯ ನಡೆದು, 1937ರಲ್ಲಿ ಮುಂಬಯಿ ಹೈಕೋರ್ಟು ಆ ಹಕ್ಕನ್ನು ಎತ್ತಿ ಹಿಡಿಯಿತು. ಇಷ್ಟು ಕಷ್ಟದಿಂದ ದೊರೆತ ಕೆರೆಯು ಹೂಳು ತುಂಬಿ ಬತ್ತಿಹೋದರೆ, ಆ ಹಕ್ಕಿನಿಂದ ಪ್ರಯೋಜನವೇನು?

ಆದರೆ ಬಿಟ್ಟಿಯೂ ಸ್ವಯಂಸೇವೆಯೂ ಒಂದೇ ಅಲ್ಲವೆಂಬದನ್ನು ಚೆನ್ನಾಗಿ ತಿಳಿಯಬೇಕು. ಎರಡರಲ್ಲಿಯೂ ಕೂಲಿ ಇಲ್ಲ, ಎರಡರಲ್ಲಿಯೂ ಬೆವರು ಉಂಟು. ಬಿಟ್ಟಿಯವನು ಒಲ್ಲೆನೆನ್ನಲಾರನು, ಕೆಲಸ ಮುಗಿದ ಮೇಲೆ ಮಾತಾಡಲೂ ಆರನು. ಸ್ವಯಂಸೇವಕನು ತಾನಾಗಿ ಬರುವನು. ನೀರನ್ನು ಹೇಗೆ ಹಂಚಬೇಕೆಂದು ಹಿರಿಯರು ಕೂತಲ್ಲಿ ತಾನೂ ಕೂತು ಮಾತಾಡುವನು. ಆದಕಾರಣ ನಮ್ಮ ಸಭೆಯವರು ಗುದ್ದಲಿ ಹಿಡಿದು ಹೋಗುವಾಗ ಒಂದು ಮಾತನ್ನು ವಿನಯವಾಗಿ, ಸ್ಪಷ್ಟವಾಗಿ ಕೇಳಬೇಕು: ಅಗೆಯುವದರಲ್ಲಿ ನಮಗೆಷ್ಟು ಪಾಲೋ, ಮಾತಿನಲ್ಲಿಯೂ ನೀರಿನಲ್ಲಿಯೂ ನಮಗೆ ಅಷ್ಟೇ ಪಾಲು. ಇದನ್ನು ಊರು ಒಪ್ಪದಿದ್ದರೆ ಒಲ್ಲೆವೆನ್ನುವ ಸ್ವಾತಂತ್ರ್ಯವು ನಮಗುಂಟು. ಒಪ್ಪಿದರೆ, ಒಂದೇ ಒಡ್ಡಿನ ಮೇಲೆ ಜೊತೆಯಾಗಿ ಮಣ್ಣು ಹೊತ್ತವರು ಮರುದಿನ ಒಬ್ಬರನ್ನೊಬ್ಬರು ದೂರ ನಿಲ್ಲಿಸುವದು ಕಠಿಣವಾಗುವದು.

ಹಾಗಾದರೆ ಈ ಕರ್ತವ್ಯವು ಎಲ್ಲಿಂದ ಹುಟ್ಟುತ್ತದೆ? ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯೇ ಉತ್ತರ ಕೊಡುತ್ತದೆ. ಉತಾರದಲ್ಲಿ ಯಾರ ಹೆಸರಿದೆ ಎಂದು ಬಾಯಾರಿಕೆಯು ಕೇಳುವದಿಲ್ಲ. ಒಂದು ಕೊಡ ನೀರನ್ನು ತಕ್ಕೊಂಡವನು ಆ ಕೊಡದೊಡನೆ ಕೆರೆಯ ಕಾಳಜಿಯನ್ನೂ ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬರುತ್ತಾನೆ. ಸಾಲವನ್ನು ತೀರಿಸುವದಕ್ಕೆ ದಾನವೆಂದು ಯಾರೂ ಹೆಸರಿಡುವದಿಲ್ಲ.

ನಮ್ಮ ತಾಲೂಕುಗಳಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ನವಲಗುಂದ ಅಣ್ಣಿಗೇರಿಗಳ ಎರೆನಾಡಿನಲ್ಲಿ ಅನೇಕ ಕಡೆ ಬಾವಿ ತೋಡಿದರೆ ಸವಳು ನೀರು ಬರುವದರಿಂದ ಕೆರೆಯೇ ಜೀವಾಳ. ಕುಂದಗೋಳ ಸೀಮೆಯಲ್ಲಿ ಬೆಣ್ಣಿಹಳ್ಳವು ಮಳೆಗಾಲದಲ್ಲಿ ಉಕ್ಕಿ ಹೊಲಗಳನ್ನು ಮುಳುಗಿಸುತ್ತದೆ; ಹಳ್ಳದ ದಂಡೆಯನ್ನು ಒತ್ತಿ ಉತ್ತವರೂ ಕಸ ಸುರಿದವರೂ ಆ ಕೇಡಿಗೆ ತಮ್ಮ ಪಾಲನ್ನು ಕೂಡಿಸುತ್ತಾರೆ. ಕಲಘಟಗಿಯಲ್ಲಿ ಕಾಡು ಇನ್ನೂ ಉಳಿದದೆ. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿ ಅದಕ್ಕೆ ಸಾಕು. 1980ರ ಜುಲೈ 21ರಂದು ನೀರಾವರಿಯ ಕರದ ವಿಷಯದಲ್ಲಿ ನವಲಗುಂದ ನರಗುಂದಗಳ ರೈತರು ಎದ್ದು ನಿಂತು, ಗುಂಡಿಗೆ ಪ್ರಾಣವನ್ನೂ ಕೊಟ್ಟ ಸೀಮೆ ಇದು. ತನ್ನ ಹೊಲಕ್ಕೆ ಬಂದ ಅನ್ಯಾಯವನ್ನು ಎದುರಿಸುವ ಧೈರ್ಯವು ನಮ್ಮಲ್ಲುಂಟು. ಯಾರ ಹೆಸರಿನಲ್ಲಿಯೂ ಇಲ್ಲದ ಹಳ್ಳಕ್ಕೂ ಕೆರೆಗೂ ಅದೇ ಧೈರ್ಯದಲ್ಲಿ ಒಂದು ಪಾಲು ಸಿಗಬಾರದೋ?

ಆದದರಿಂದ ಪ್ರಿಯರೇ, ದೊಡ್ಡ ಚಳವಳಿಯು ಬರಲಿ ಎಂದು ಕಾಯಬೇಡಿರಿ. ಮುಂದಿನ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರು ಹೋಗಿರಿ. ನಿಮ್ಮ ಊರ ಗಾಯರಾಣವು ಎಷ್ಟು ಎಕರೆ, ಅದರ ಎಲ್ಲೆ ಯಾವದು ಎಂದು ಕೇಳಿ ಬರಕೊಳ್ಳಿರಿ. ಮಳೆ ಬೀಳುವ ಮುಂಚೆ ಕೆರೆಗೆ ನೀರು ತರುವ ಕಾಲುವೆಯನ್ನು ಒಮ್ಮೆ ನಡೆದು ನೋಡಿರಿ. ಒಂದು ಬೇವನ್ನೋ ಹುಣಸೆಯನ್ನೋ ಹಚ್ಚಿರಿ. ಹಚ್ಚಿದ ಮೇಲೆ, ಬರುವ ಏಪ್ರಿಲ್ ತಿಂಗಳಲ್ಲಿ ಅದಕ್ಕೆ ನೀರೆರೆಯುವವರು ಯಾರೆಂಬದನ್ನು ಅಂದೇ ಗೊತ್ತುಮಾಡಿರಿ.